ಮುಯ್ಯಿಗೆ ಹೋದ ಚಿಕಿತ್ಸೆ

ಚಿತ್ರ ತೋರಿಸಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಎದುರಿಗೆ ಕೂತವರು ಒದ್ದಾಡಲಿ, ಬೆವರಲಿ, ಸಿಟ್ಟು ಬಂದು ಚಿತ್ರದ ಮೇಲೆ ಬೆರಳು ಕುಟ್ಟಲಿ, ನಾವು ಮಾತ್ರ ಹೆಸರು ಹೇಳಕೂಡದು. ಹತ್ತಾದ ಮೇಲೂ ಬರದಿದ್ದರೆ ಮೊದಲನೇ ಅಕ್ಷರ ಕೊಡಬೇಕು, ಅಷ್ಟೇ. ಬಂತೋ, ಒಂದು ನಿಮಿಷ ಬಿಟ್ಟು ಮತ್ತೆ ಕೇಳಬೇಕು. ಆಮೇಲೆ ಐದು ನಿಮಿಷಕ್ಕೆ, ಆಮೇಲೆ ನಾಳೆ, ಆಮೇಲೆ ಮೂರು ದಿನ ಬಿಟ್ಟು. ಇಷ್ಟೇ ನಮ್ಮ ಚಿಕಿತ್ಸೆ. ಕೇಳೋಕೆ ಸುಲಭ, ಮಾಡಿ ನೋಡಿದರೆ ಗೊತ್ತಾಗುತ್ತೆ. ನನ್ನಂಥ ವಟವಟ ಅನ್ನೋಳಿಗೆ ಮೊದಲ ತಿಂಗಳು ನಾಲಿಗೆ ಕಚ್ಚಿಕೊಂಡು ಕೂರೋದೇ ದೊಡ್ಡ ಕೆಲಸವಾಗಿತ್ತು.

ನಾನು ನೋಡುತ್ತಿದ್ದದ್ದು ಲಕ್ವ ಹೊಡೆದು ಮಾತು ಕಳಕೊಂಡವರನ್ನು. ಇವರ ಬುದ್ಧಿ ಎಲ್ಲಿಗೂ ಹೋಗಿರುವುದಿಲ್ಲ. ಬೀಗ ಕಂಡರೆ ಅದು ಯಾವ ಬಾಗಿಲಿನದು, ಕೀಲಿ ಎಲ್ಲಿಟ್ಟಿದೆ, ಎಲ್ಲ ಗೊತ್ತು. ‘ಬೀಗ’ ಅನ್ನುವ ಮಾತು ಮಾತ್ರ ಕೈಗೆ ಸಿಗುವುದಿಲ್ಲ. ನಮ್ಮ ಪ್ರೊಫೆಸರು ನಗರದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನೆನಪಿನ ಮೇಲೆ ಕೆಲಸ ಮಾಡಿದವರು. ಕಾಲೇಜು ಹುಡುಗ ಹುಡುಗಿಯರಿಗೆ ಗೊತ್ತಿಲ್ಲದ ಭಾಷೆಯ ಮಾತುಗಳನ್ನು ಕಲಿಸಿ ನೋಡಿದ್ದರು. ಬೇರೆಯವರು ಕಿವಿಗೆ ಹಾಕಿದ ಮಾತಿಗಿಂತ ತಾವೇ ತಡಕಾಡಿ ತೆಗೆದ ಮಾತು ಹೆಚ್ಚು ದಿನ ಉಳಿಯುತ್ತಿತ್ತು. ಅದೂ ಇನ್ನೇನು ಮರೆತೇ ಹೋಯಿತು ಅನ್ನುವ ಹೊತ್ತಿಗೆ ಕೇಳಿದರೆ ಇನ್ನೂ ಗಟ್ಟಿ. ಹುಡುಗರ ಮಿದುಳಿಗೆ ಸಲ್ಲುವುದು ಲಕ್ವದ ಪೆಟ್ಟು ಬಿದ್ದ ಮಿದುಳಿಗೂ ಸಲ್ಲುತ್ತದೆಯೋ ಅನ್ನುವುದು ನಾವು ಹಿಡಿದಿದ್ದ ಪ್ರಶ್ನೆ.

ಇಂಥ ಪ್ರಶ್ನೆಗೆಂದೇ ಹಣ ಕೊಡುವ ಒಂದು ನಿಧಿ ಇದೆ. ಪ್ರಯೋಗಾಲಯದಲ್ಲಿ ಕಂಡದ್ದು ರೋಗಿಯ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ತೋರಿಸಿ, ಮುಂದಿನದು ಕೊಡುತ್ತೇವೆ ಅನ್ನುವವರು. ಮೊದಲ ಹಂತಕ್ಕೆ ಒಪ್ಪಿದ್ದರು. ಎರಡನೇ ಹಂತ ಸಿಕ್ಕರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿಗೂ ಒಬ್ಬೊಬ್ಬ ಚಿಕಿತ್ಸಕಿ ಬರುತ್ತಾಳೆ. ಸಿಗದಿದ್ದರೆ ವರ್ಷದ ಕೊನೆಗೆ ಅಂಗಡಿ ಬಂದ್, ನಮ್ಮ ಕೈಯಲ್ಲಿದ್ದವರೆಲ್ಲ ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಅಲ್ಲಿವರೆಗೆ ನಾಲ್ಕೂ ತಾಲ್ಲೂಕಿಗೆ ನಾನೊಬ್ಬಳೇ. ಮಧುಗಿರಿ ಬೆಟ್ಟದ ಬುಡದಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆ, ನಲವತ್ತು ಚಿತ್ರಗಳ ಒಂದು ಚೀಲ, ಮನೆಗಳಲ್ಲಿ ಬಿಟ್ಟು ಬರಲು ಅವುಗಳಲ್ಲಿ ಕೆಲವದರ ಪ್ರತಿ, ಉಳಿದದ್ದೆಲ್ಲ ಬಸ್ಸು.

ತೋರಿಸುವುದು ಅಂದರೆ ಹೋಲಿಸಿ ತೋರಿಸಬೇಕು. ಅದಕ್ಕೆ ರೋಗಿಗಳನ್ನು ಎರಡು ಗುಂಪು ಮಾಡಿದ್ದೆವು. ಒಂದು ಕಾಯುವ ಗುಂಪು, ನಾನು ಮೇಲೆ ಹೇಳಿದ ಹಾಗೆ. ಇನ್ನೊಂದು ಹೇಳಿಕೊಡುವ ಗುಂಪು: ಅದೇ ಚಿತ್ರ, ಅಷ್ಟೇ ಹೊತ್ತು, ಆದರೆ ಚಿತ್ರ ತೋರಿಸಿದ ತಕ್ಷಣ ಮನೆಯವರು ಹೆಸರು ಹೇಳಿ ಮೂರು ಸಲ ಹೇಳಿಸಬೇಕು. ಯಾರು ಯಾವ ಗುಂಪು ಅನ್ನುವುದು ಮುಚ್ಚಿದ ಲಕೋಟೆಯಲ್ಲಿ ಬರುತ್ತಿತ್ತು, ಚೀಟಿ ಎತ್ತಿದ ಹಾಗೆ. ಎರಡು ಬಗೆಯ ಅಭ್ಯಾಸ ಇದೆ, ಯಾವುದು ಮೇಲು ಅಂತ ನಮಗೇ ಗೊತ್ತಿಲ್ಲ, ಅದನ್ನು ತಿಳಿಯೋಕೇ ಇದು ಅಂತ ಎಲ್ಲ ಮನೆಗೂ ಹೇಳಿ ಸಹಿ ಹಾಕಿಸಿದ್ದೆ. ಹನ್ನೆರಡು ವಾರ ಅಭ್ಯಾಸ. ಆಮೇಲೆ ಗುಂಪು ಯಾವುದೆಂದೇ ಗೊತ್ತಿಲ್ಲದ ಒಬ್ಬಳು ಬಂದು ಪರೀಕ್ಷೆ ಮಾಡುತ್ತಾಳೆ.

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ಇಬ್ಬರು ಸಿಕ್ಕಿದ್ದರು. ಒಬ್ಬರು ಟೈಲರ್. ಇನ್ನೊಬ್ಬರು ಬೋರ್‌ವೆಲ್ ಮೋಟರ್ ಬಿಚ್ಚಿ ಕಾಯಿಲ್ ಸುತ್ತುವ ಮೇಸ್ತ್ರಿ. ಲಕೋಟೆ ಒಡೆದಾಗ ಟೈಲರು ಕಾಯುವ ಗುಂಪಿಗೆ ಬಂದರು, ಮೇಸ್ತ್ರಿ ಹೇಳಿಕೊಡುವ ಗುಂಪಿಗೆ. ಒಂದೇ ಊರಲ್ಲಿ ಎರಡು ಗುಂಪಿನವರು ಬಂದರೆ ತುಂಬಬೇಕಾದ ಒಂದು ಹಾಳೆ ಇತ್ತು. ಈ ಎರಡು ಮನೆಗೆ ಒಡನಾಟ ಇದೆಯೇ ಅಂತ. ನೆಂಟರಾ ಅಂತ ಕೇಳಿದೆ, ಅಲ್ಲ. ಅಕ್ಕಪಕ್ಕದ ಮನೆಯಾ, ಅಲ್ಲ, ಊರಿನ ಈ ತುದಿ ಒಬ್ಬರು, ಆ ತುದಿ ಒಬ್ಬರು. ‘ಇಲ್ಲ’ ಅನ್ನುವ ಕಡೆ ಟಿಕ್ ಹಾಕಿ ಬಸ್ಸು ಹತ್ತಿದೆ. ಬಿತ್ತನೆ ಸಮಯ ಬಂದಾಗ ಈ ಹೆಂಗಸರು ಎಲ್ಲಿ ಕೂರುತ್ತಾರೆ ಅಂತ ಕೇಳಬೇಕು ಅನ್ನಿಸಲಿಲ್ಲ.

ಮೊದಲ ವಾರಗಳಲ್ಲಿ ಹಣ್ಣುಗಾಯಿ ನೀರುಗಾಯಿ ಆದೆ. ಕಾಯುವ ಗುಂಪಿನ ಮನೆಗಳಲ್ಲಿ ಯಾರಿಗೂ ಕಾಯೋಕೆ ಬರುತ್ತಿರಲಿಲ್ಲ. ಟೈಲರ ಹೆಂಡತಿ ನಾಲ್ಕು ಎಣಿಸುವಷ್ಟರಲ್ಲಿ “ಕತ್ರಿ ಕಣಯ್ಯಾ, ಕತ್ರಿ” ಅಂದುಬಿಡುತ್ತಿದ್ದಳು. ಅವಳು ಸುಮ್ಮನಿದ್ದರೆ ಕಿಟಕಿಯಿಂದ ಪಕ್ಕದ ಮನೆಯವಳು ಹೇಳುತ್ತಿದ್ದಳು. ಮೂವತ್ತು ವರ್ಷ ಕತ್ತರಿ ಹಿಡಿದ ಗಂಡ ಕತ್ತರಿಯ ಚಿತ್ರ ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡರೆ ಯಾವ ಹೆಂಗಸು ಹತ್ತು ಎಣಿಸುತ್ತಾಳೆ? ನಾನು ರೇಗುತ್ತಿದ್ದೆ. ಒಂದು ದಿನ ಅವಳೂ ರೇಗಿದಳು.

“ನಿನ್ ಗಂಡ ಇಂಗ್ ಕೂತಿದ್ರೆ ನೀನು ಸುಮ್ಕಿರ್ತಿದ್ಯಾ ಮೇಡಮ್ಮ?”

“ಇರ್ತಿರಲಿಲ್ಲ. ಅದಕ್ಕೇ ನಿಮಗೆ ಹೇಳಿಕೊಡ್ತಿದೀನಿ,” ಅಂದೆ. ಅವಳು ಸಿಟ್ಟಿನಲ್ಲೂ ನಕ್ಕಳು. ಆಮೇಲೆ ತಾನೇ ಒಂದು ದಾರಿ ಕಂಡುಕೊಂಡಳು. ಚಿತ್ರ ಗಂಡನ ಮುಂದಿಟ್ಟು, ಮಡಿಲಿಗೆ ಹತ್ತು ಕಡ್ಲೆಕಾಯಿ ಹಾಕಿಕೊಂಡು ಒಂದೊಂದೇ ಸುಲಿಯುವುದು. ಹತ್ತೂ ಮುಗಿಯುವವರೆಗೆ ಬಾಯಿ ಬಿಡುವ ಹಾಗಿಲ್ಲ. ನನಗಿಂತ ಬುದ್ಧಿವಂತೆ ಅಂದುಕೊಂಡೆ, ಫಾರಂನಲ್ಲಿ ಬರೆದೂ ಕೊಂಡೆ. ಐದನೇ ವಾರಕ್ಕೆ ಟೈಲರು ಕತ್ತರಿ, ಸೂಜಿ, ಚೊಂಬು ಅಂತ ತಾವೇ ಹೇಳುತ್ತಿದ್ದರು. ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಯಾವುದರಲ್ಲಿ ಹೇಳಿದರೂ ಸರಿ ಅಂತ ನಮ್ಮ ನಿಯಮ.

ಒಂಬತ್ತನೇ ವಾರ ಮೇಸ್ತ್ರಿ ಮನೆಗೆ ಹೋದೆ. ಮನೆಯವರು ಹೇಗೆ ಅಭ್ಯಾಸ ಮಾಡಿಸುತ್ತಾರೆ ಅಂತ ದೂರ ಕೂತು ಫೋನಿನಲ್ಲಿ ದನಿ ಹಿಡಿದುಕೊಳ್ಳುವುದು ಆವತ್ತಿನ ಕೆಲಸ. ಮೇಸ್ತ್ರಿಯ ಹೆಂಡತಿ ಬೀಗದ ಚಿತ್ರ ತೆಗೆದು ಗಂಡನ ಮುಂದಿಟ್ಟಳು. ‘ಬೀಗ’ ಅಂತ ತಕ್ಷಣ ಹೇಳಬೇಕಾದವಳು ಹೇಳಲಿಲ್ಲ. ಸೆರಗಿನಿಂದ ಕಡ್ಲೆಕಾಯಿ ತೆಗೆದು ಸುಲಿಯುತ್ತಾ ಕೂತಳು. ಮೇಸ್ತ್ರಿ ಕುತ್ತಿಗೆ ನರ ಉಬ್ಬಿಸಿಕೊಂಡು ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. ಏಳನೇ ಕಾಯಿಗೆ “ಬೀ... ಗ” ಅಂದರು. ನನಗೆ ಎದೆ ತುಂಬಿ ಬಂತು. ಮರುಗಳಿಗೆಯಲ್ಲೇ ಅವರು ಯಾವ ಗುಂಪು ಅನ್ನುವುದು ನೆನಪಾಯಿತು. ಆ ಮಾತು ಬರಬೇಕಾದ ದಾರಿಯಲ್ಲಿ ಬಂದಿರಲಿಲ್ಲ.

“ಇದನ್ನ ಯಾರು ಹೇಳಿಕೊಟ್ಟರಮ್ಮ?” ಅಂದೆ.

“ಟೈಲರಮ್ಮ ಕಣಮ್ಮ. ಅವರ ಮನೆ ಬಿತ್ತನೆ ಕಾಯಿ ಸುಲಿಯಾಕೆ ಮುಯ್ಯಾಳ್ಗೆ ಹೋಗಿದ್ನಲ್ಲ, ಅಲ್ಲಿ ಅಂದ್ಲು. ನೀನ್ ಹೇಳ್ಬುಟ್ರೆ ಅವಯ್ಯ ಯಾಕ್ ನೆನೆಸ್ಕಂತಾನೆ, ಸುಮ್ಕಿದ್ದು ನೋಡು ಅಂತ. ನಾಕ್ ವಾರ ಆಯ್ತು. ನೀನ್ ಹೇಳ್ಕೊಟ್ಟಿದ್ಕಿಂತ ಇದೇ ವಾಸಿ ಐತೆ.” ಅವಳಿಗೆ ಹೆಮ್ಮೆ. ನನಗೂ ಹೆಮ್ಮೆಯಾಗಲಿ ಅಂತಲೇ ನನ್ನೆದುರು ಮಾಡಿ ತೋರಿಸಿದ್ದು.

ಆ ಕಡೆ ಮಳೆ ನಂಬಿ ಕಡ್ಲೆಕಾಯಿ ಬಿತ್ತುತ್ತಾರೆ. ಬಿತ್ತನೆ ಕಾಯಿ ಮಿಷನ್ನಿಗೆ ಹಾಕಿದರೆ ಬೀಜ ಒಡೆದು ಮೊಳಕೆ ಬರುವುದಿಲ್ಲ, ಕೈಯಲ್ಲೇ ಸುಲಿಯಬೇಕು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು, ಕೂಲಿಯಿಲ್ಲ, ಮುಯ್ಯಿ. ಊರಿನ ಈ ತುದಿಯವಳೂ ಆ ತುದಿಯವಳೂ ಒಂದೇ ರಾಶಿಯ ಸುತ್ತ ದಿನಗಟ್ಟಲೆ ಕೂರುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ನಾನು ಕಳ್ಳಂಬೆಳ್ಳದ ಕೆರೆ ಹಿಂದಿನ ಊರಿನವಳು. ನಮ್ಮವ್ವ ನಾಟಿಗೆ ಜನ್ಮವಿಡೀ ಮುಯ್ಯಾಳು ಹೋದವಳು. ಊರಿನ ಸುದ್ದಿಯೆಲ್ಲ ನಮ್ಮ ಮನೆಗೆ ಬರುತ್ತಿದ್ದದ್ದೇ ಆ ಗದ್ದೆಯಿಂದ. ಹೊರಗಿನಿಂದ ಬಂದವಳು ಆ ಟಿಕ್ ಹಾಕಿದ್ದರೆ ಕ್ಷಮಿಸಬಹುದಿತ್ತು. ನಾನು ಹಾಕಿದ್ದೆ.

ಎರಡು ದಿನ ಹೊಸಕೋಟೆ ಸುತ್ತಮುತ್ತಲ ಹಳ್ಳಿ ತಿರುಗಿದೆ. ಹೇಳಿಕೊಡುವ ಗುಂಪಿನ ಇನ್ನೂ ಮೂರು ಮನೆಯಲ್ಲಿ ಕಡ್ಲೆಕಾಯಿ ಸುಲಿಯುತ್ತಾ ಕಾಯುತ್ತಿದ್ದರು. ಒಬ್ಬಳು ತವರಿಗೆ ಮುಯ್ಯಿಗೆ ಹೋಗಿ ಕಲಿತು ಬಂದಿದ್ದಳು. ಪಾವಗಡ ಬಸ್ ಸ್ಟ್ಯಾಂಡಿನಲ್ಲಿ ಕೂತು ಪ್ರೊಫೆಸರಿಗೆ ಫೋನ್ ಮಾಡಿದೆ.

“ನಾಲ್ಕು ಮನೆ,” ಅಂದರು. “ಎರಡು ಗುಂಪೂ ಒಂದೇ ಆಗಿಬಿಟ್ಟರೆ ನಾವು ತೋರಿಸೋದೇನಮ್ಮ? ಎರಡೂ ಕಡೆ ಮಾತು ಬಂತು, ಚಿಕಿತ್ಸೆಯಿಂದ ವ್ಯತ್ಯಾಸ ಇಲ್ಲ ಅಂತ ಆಗುತ್ತೆ. ಮೂರು ವಾರ ಉಳಿದಿದೆ. ಮೊದಲಿನ ಕ್ರಮಕ್ಕೇ ವಾಪಸ್ ಹೋಗೋಕೆ ಹೇಳಿ. ತಪ್ಪಿದ್ದನ್ನ ಬರೆಯೋಣ, ತಿದ್ದಿದೆವು ಅಂತಲೂ ಬರೆಯೋಣ.”

“ಬರ್ತಿರೋ ಮಾತನ್ನ ನಿಲ್ಲಿಸಿ ಅಂತ ಹೇಗೆ ಹೇಳಲಿ ಸಾರ್?”

“ಕಾಯೋದರಿಂದಲೇ ಬರ್ತಿದೆ ಅಂತ ನಿಮಗೆ ಗೊತ್ತಾ? ಲಕ್ವದವರಿಗೆ ಮೊದಲ ತಿಂಗಳುಗಳಲ್ಲಿ ಮಾತು ತಾನಾಗೇ ಸ್ವಲ್ಪ ಬರುತ್ತೆ. ಗೊತ್ತಿಲ್ಲ ಅಂತ ತಾನೇ ಈ ಅಧ್ಯಯನ? ನಾಲ್ಕು ಜನರ ಮುಖ ನೋಡಿ ನೀವು ಕೈ ಬಿಟ್ಟರೆ, ಮುಂದೆ ನಾಲ್ಕು ತಾಲ್ಲೂಕಿನವರಿಗೆ ಏನೂ ಸಿಗಲ್ಲ.”

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಮೇಸ್ತ್ರಿಗೆ ಲಕ್ವ ಹೊಡೆದು ಐದೇ ತಿಂಗಳಾಗಿತ್ತು. ಮೇಸ್ತ್ರಿಯ ಹೆಂಡತಿ ಗಂಡನ ನಾಲಿಗೆಗೆ ದಿನಾ ಬೆಳಿಗ್ಗೆ ಬಜೆ ತೇಯ್ದು ಜೇನು ಸೇರಿಸಿ ಹಚ್ಚುತ್ತಿದ್ದಳು, ಎಳೆಕೂಸಿಗೆ ಹಚ್ಚುವ ಹಾಗೆ. ಮಾತು ಬಂದಿದ್ದು ಯಾವುದರಿಂದ ಅಂತ ಆಣೆ ಇಟ್ಟು ಹೇಳೋಕೆ ನನ್ನಿಂದಲೂ ಆಗುತ್ತಿರಲಿಲ್ಲ. ಸರಿ ಸಾರ್ ಅಂತ ಫೋನ್ ಇಟ್ಟೆ.

ಮಾರನೇ ದಿನ ಮೇಸ್ತ್ರಿ ಮನೆಯಲ್ಲಿ ಮುಯ್ಯಿ. ಹಜಾರದ ತುಂಬ ಕಾಯಿ ರಾಶಿ, ಸುತ್ತ ಹತ್ತು ಹನ್ನೆರಡು ಹೆಂಗಸರು, ಟೈಲರಮ್ಮನೂ ಅಲ್ಲೇ. ಮೇಸ್ತ್ರಿ ಗೋಡೆಗೆ ಒರಗಿ ಕೂತು, ಸರಿಯಿರುವ ಎಡಗೈಯಲ್ಲಿ ಸಿಪ್ಪೆ ಆಯ್ದು ಬೇರೆ ಹಾಕುತ್ತಿದ್ದರು. ಹೇಳೋಕೆ ಅಂತ ಹೋದವಳು ಒಂದು ಮೊರ ಎಳೆದುಕೊಂಡು ಸುಲಿಯೋಕೆ ಕೂತೆ. ಒಂದು ಗಂಟೆ ಸುಲಿದೆ. ಹೆಬ್ಬೆರಳ ಉಗುರು ಕಿತ್ತು ಬಂತು. ಕೊನೆಗೆ ಮೇಸ್ತ್ರಿಯ ಹೆಂಡತಿಯನ್ನು ಹಿತ್ತಲಿಗೆ ಕರೆದು, ಇನ್ನು ಮೂರು ವಾರ ಮೊದಲಿನ ಥರ ತಕ್ಷಣ ಹೇಳಿಕೊಡ್ತೀರಾ ಅಂತ ಕೇಳಿದೆ. ಯಾಕೆ ಅನ್ನುವುದನ್ನೂ ಹೇಳಿದೆ, ಮುಚ್ಚಿಡಲಿಲ್ಲ.

ಅವಳಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಅಂದ್ರೆ ಅವಯ್ಯನ ಬಾಯ್ಗೆ ಬರಾ ಹೊತ್ಗೆ ನಾನೇ ಅಡ್ಡಬಿದ್ದು ಹೇಳ್ಬುಡ್ಬೇಕು. ಅಲ್ವಾ?”

“ಮೂರೇ ವಾರ.”

“ಮೊನ್ನೆ ಸ್ಟಾಟ್ರು ಅಂದ ಕಣಮ್ಮ. ನಿನ್ ಚಿತ್ರದಾಗೆ ಇಲ್ಲ ಅದು, ಮನೇಲಿ ಬಿದ್ದಿರಾ ಹಳೇ ಮೋಟ್ರ್ ಸ್ಟಾಟ್ರು ನೋಡಿ ತಾನೇ ಅಂದ. ನೀನ್ ಹೇಳು ಅಂದ್ರೆ ಹೇಳ್ತೀನಿ. ನೀನೇ ಓದ್ದೋಳು. ಆಮೇಲೆ ಮಾತು ನಿಂತೋದ್ರೆ ತಿರ್ಗಾ ತರ್ತೀಯಾ?”

“ಬೇಡ, ಈಗ ಮಾಡ್ತಿರೋ ಹಂಗೇ ಮಾಡಿ,” ಅಂದೆ. ಅಷ್ಟು ಅಂದದ್ದೇ ತೀರ್ಮಾನವಾಗಿಹೋಯಿತು. ಯೋಚನೆ ಮಾಡಿ, ತೂಗಿ ನೋಡಿ ತೆಗೆದುಕೊಂಡ ನಿರ್ಧಾರ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ಉಳಿದ ರೋಗಿಗಳೆಲ್ಲ ಕಣ್ಣ ಮುಂದೆ ಬಂದರು. ಬುಕ್ಕಾಪಟ್ಟಣದ ಕಡೆಯ ಒಬ್ಬ ಅಜ್ಜಿ ಇನ್ನೂ ಎರಡೇ ಮಾತಿನಲ್ಲಿದ್ದಳು, ಎರಡನೇ ಹಂತ ಬಂದರೆ ಅವಳದು ಸರಿಹೋಗುತ್ತೆ ಅಂತ ನಾನೇ ಅವಳ ಸೊಸೆಗೆ ಆಸೆ ಹುಟ್ಟಿಸಿದ್ದೆ.

ಮಧುಗಿರಿಗೆ ಬಂದು ವರದಿ ಬರೆಯೋಕೆ ಕೂತೆ. ಒಂದು ಸುಲಭದ ದಾರಿ ಇತ್ತು, ಮನಸ್ಸಿಗೆ ಬರಲಿಲ್ಲ ಅಂತ ಹೇಳಲಾರೆ. ಆ ನಾಲ್ಕು ಮನೆಯವರು ಅಭ್ಯಾಸ ಬಿಟ್ಟರು ಅಂತ ಬರೆದರೆ ಅವರ ಹೆಸರು ಲೆಕ್ಕದಿಂದ ಹೋಗುತ್ತದೆ, ಉಳಿದವರಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಯಾರೂ ಹೊಸಕೋಟೆಗೆ ಹೋಗಿ ನೋಡುತ್ತಿರಲಿಲ್ಲ. ಆದರೆ ಹಾಗೆ ಬರೆದ ಮೇಲೆ ನಮ್ಮ ಚಿಕಿತ್ಸೆಗೂ ಬಜೆಗೂ ಏನು ವ್ಯತ್ಯಾಸ? ಮುಯ್ಯಿಯ ವಿಷಯ, ನಾಲ್ಕು ಮನೆಯ ವಿಷಯ, ಬಜೆಯ ವಿಷಯ, ನಾನು ಹಾಕಿದ ತಪ್ಪು ಟಿಕ್, ಮೊದಲಿನ ಕ್ರಮಕ್ಕೆ ಹೋಗಿ ಅಂತ ಕೇಳಿ ಆಮೇಲೆ ನಾನೇ ಬೇಡ ಅಂದದ್ದು, ಎಲ್ಲ ಬರೆದೆ. ಪ್ರೊಫೆಸರು ಓದಿ ಸರಿಯಾಗಿ ಬೈದರು. ನನ್ನ ಮರುಕಕ್ಕೆ ಬೇರೆಯವರ ಮಾತನ್ನು ಬಲಿ ಕೊಟ್ಟೆ ಅಂದರು. ಆದರೆ ಒಂದಕ್ಷರ ತಿದ್ದದೆ ನಿಧಿಗೆ ಕಳಿಸಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆವತ್ತೇ.

ಮಳೆ ಬಿದ್ದು, ಬಿತ್ತನೆಯೂ ಹನ್ನೆರಡನೇ ವಾರದ ಪರೀಕ್ಷೆಯೂ ಮುಗಿದ ಮೇಲೆ ನಿಧಿಯಿಂದ ಒಬ್ಬ ಹಿರಿಯ ಮೇಡಂ ಬಂದರು. ಮಧುಗಿರಿಯ ಕೋಣೆಯಲ್ಲಿ ಫ್ಯಾನಿಲ್ಲದೆ ಬೆವರುತ್ತಾ ದಿನವಿಡೀ ಕೂತು ಒಂದೊಂದು ಫಾರಂ ನೋಡಿದರು. ದನಿಗಳನ್ನು ಕೇಳಿದರು. ಮೇಸ್ತ್ರಿಯ ‘ಬೀ... ಗ’ ಎರಡು ಸಲ ಹಾಕಿಸಿಕೊಂಡು ಕೇಳಿದರು. ನನಗೆ ಧೈರ್ಯ ಬಂತು. ನಾವು ಹೇಳದೆಯೇ ಇದು ಮನೆಯಿಂದ ಮನೆಗೆ ಹೋಗಿದೆ ಅಂದರೆ ಇದರಲ್ಲಿ ಏನೋ ಇದೆ ಅಂತಲೇ ಅಲ್ಲವೇ ಅಂದೆ.

“ಬಜೆಯೂ ಹೀಗೇ ಮನೆಯಿಂದ ಮನೆಗೆ ಹೋಗಿದ್ದು,” ಅಂದರು ಅವರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. “ಹರಡೋದು ಬೇರೆ, ಕೆಲಸ ಮಾಡೋದು ಬೇರೆ. ನೀವು ಬರೆದಿದ್ದು ಒಳ್ಳೇದಾಯ್ತು. ಆ ಮನೆಗಳನ್ನ ಲೆಕ್ಕದಿಂದ ಬಿಟ್ಟು ಬರೆದಿದ್ದರೆ ಸುಳ್ಳು ಫಲಿತಾಂಶದ ಮೇಲೆ ನಾವು ನಾಲ್ಕು ತಾಲ್ಲೂಕು ಕಟ್ಟುತ್ತಿದ್ವಿ.”

ಎರಡು ತಿಂಗಳಾದ ಮೇಲೆ ತೀರ್ಮಾನ ಬಂತು. ಎರಡನೇ ಹಂತ ಇಲ್ಲ. ಅದರ ಬದಲು ಮೊದಲ ಹಂತವನ್ನೇ ಹೊಸದಾಗಿ ಮಾಡಬೇಕು. ಈ ಸಲ ಚೀಟಿ ಎತ್ತುವುದು ಆಳಿಗೊಂದಲ್ಲ, ಊರಿಗೊಂದು. ಇಡೀ ಊರು ಒಂದೇ ಗುಂಪು, ಒಂದು ಊರಿನ ಮುಯ್ಯಿ ಇನ್ನೊಂದಕ್ಕೆ ಹೋಗದಷ್ಟು ದೂರ ಇರಬೇಕು. ಮುಯ್ಯಾಳು, ತವರು, ಸಂತೆ ಎಲ್ಲ ಕೇಳುವ ಹೊಸ ಹಾಳೆಯನ್ನು ಬರೆಯುವ ಕೆಲಸ ನನಗೇ ಬಂತು. ಕೊರಟಗೆರೆ, ಶಿರಾ, ಮಧುಗಿರಿ ಕಡೆಯ ಊರುಗಳು ಸೇರಿದವು. ಬುಕ್ಕಾಪಟ್ಟಣದ ಅಜ್ಜಿಯೂ ಉಳಿದಳು. ಹೊಸಕೋಟೆ ಹೋಬಳಿ ಪೂರ್ತಿ ಹೊರಗೆ. ಅಲ್ಲಿ ಕಾಯುವುದು ಎಲ್ಲರಿಗೂ ಗೊತ್ತಾಗಿಹೋಗಿದೆ, ಇನ್ನು ಅಲ್ಲಿ ಹೋಲಿಸೋಕೆ ಏನೂ ಉಳಿದಿಲ್ಲ ಅನ್ನುವುದು ಕಾರಣ. ಭಾನುವಾರ ನಾನೇ ಹೋಗಿ ಬರುತ್ತೀನಿ ಅಂತ ಪ್ರೊಫೆಸರಿಗೆ ಅಂದೆ. “ಎಷ್ಟು ಭಾನುವಾರ?” ಅಂದರು. ನನಗೂ ಗೊತ್ತಿತ್ತು. ಹೆಸರು ಬಂದ ಮೇಲೆ ವಾಕ್ಯ ಕಟ್ಟಿಸಬೇಕು, ಅದಕ್ಕೆ ವಾರಕ್ಕೆ ಎರಡು ಮೂರು ಸಲದ ಹಾಗೆ ವರ್ಷ ಬೇಕು. ಭಾನುವಾರದ ಪುಣ್ಯಕ್ಕೆ ಆಗುವ ಕೆಲಸವಲ್ಲ ಅದು.

ಹೊಸಕೋಟೆಗೆ ಕೊನೆಯ ಸಲ ಹೋದಾಗ ಟೈಲರಮ್ಮನನ್ನು ಮೇಸ್ತ್ರಿ ಮನೆಗೇ ಕರೆಸಿ, ಚಿತ್ರದ ಚೀಲವನ್ನು ಅವಳ ಕೈಗೆ ಕೊಟ್ಟೆ. ವಾಪಸ್ ಕೊಡಬೇಕಾದ ಸಾಮಾನದ ಪಟ್ಟಿಯಲ್ಲಿ ಅದಿತ್ತು. ಕಳೆದುಹೋಯಿತು ಅಂತ ಬರೆಯಲಿಲ್ಲ, ಕೊಟ್ಟೆ ಅಂತಲೇ ಬರೆದೆ. ಯಾಕೆ ಇನ್ನು ಬರುವುದಿಲ್ಲ ಅಂತ ಇಬ್ಬರು ಹೆಂಗಸರಿಗೂ ಕೂರಿಸಿ ಹೇಳಿದೆ. ನನ್ನ ತಪ್ಪಿನಿಂದ ನಿಮ್ಮ ಊರು ಬಿಟ್ಟುಹೋಯಿತು ಅಂದೆ. ಟೈಲರಮ್ಮ ಸುಮ್ಮನೆ ಬೈಯಬಹುದಿತ್ತು.

“ನಾನು ಹೇಳ್ದೆ ಇದ್ದಿದ್ರೆ ನೀನು ಬತ್ತಾ ಇದ್ದೆ, ಅಲ್ವಾ?” ಅಂದಳು.

“ಇರಬಹುದು.”

“ಅವಳ್ ಗಂಡ ಅಂಗೇ ಕುಂತಿರ್ತಿದ್ದ. ಹೇಳಿದ್ದೇ ಸರಿ ಬುಡು.” ಹಾಗಂದು ಮುಖ ತಿರುಗಿಸಿಕೊಂಡಳು. ಅವಳ ಗಂಡನಿಗೂ ಇನ್ನು ಯಾರೂ ಇಲ್ಲ ಅನ್ನುವುದು ಅವಳಿಗೆ ಹೊಳೆದಿತ್ತು.

ಮೇಸ್ತ್ರಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಅವರಿಗೂ ಎಲ್ಲ ಹೇಳಬೇಕು ಅಂತ ಎದುರಿಗೆ ಕೂತವಳು ಹೇಳಲಾರದೆ ಎದ್ದೆ. ಅವರ ಎಡಗೈ ಹಿಡಿದು “ಬರ್ತೀನಣ್ಣ” ಅಂದೆ. ಎಲ್ಲರೂ ಹೊರಡುವಾಗ ಅನ್ನುವ ಮಾತು. ಅವರು ಕೈ ಬಿಡಲಿಲ್ಲ. ಕುತ್ತಿಗೆ ನರ ಉಬ್ಬಿತು, ತುಟಿ ಅಲುಗಿತು. ಅವರ ಹೆಂಡತಿ ಏನೋ ಹೇಳಲು ಬಂದವಳು ಬಾಯಿ ಮುಚ್ಚಿಕೊಂಡಳು. ನಾವು ಅವರಿಗೆ ಬರೀ ವಸ್ತುಗಳ ಹೆಸರು ಹೇಳಿಸಿದ್ದೆವು, ಬೀಗ, ಚೊಂಬು, ಕೊಡೆ. ಪ್ರಶ್ನೆ ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

“ಯಾ... ವಾಗ?” ಅಂದರು ಮೇಸ್ತ್ರಿ.

ಈ ಮಾತಿಗಾಗಿಯೇ ನಾನು ಆ ರಸ್ತೆಯಲ್ಲಿ ಅಷ್ಟು ತಿಂಗಳು ತಿರುಗಿದ್ದು. ಮೂವರೂ ನನ್ನ ಮುಖ ನೋಡುತ್ತಿದ್ದರು. ಕೇಳಿದವರಿಗೆ ಸುಳ್ಳು ಹೇಳೋಕೆ ಆಗಲಿಲ್ಲ.

“ಬರಲ್ಲ ಅಣ್ಣ,” ಅಂದೆ.